ಶೇ. 9 ಹೋಲಿಕೆ ಬಂದಮೇಲೆ ನೀತಿಯ ಕೋರ್ಸ್ ಏಕೆ?

ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶದಲ್ಲಿ ಪಿಎಚ್‌ಡಿ ಪ್ರಬಂಧಕ್ಕೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 9 ಮಾತ್ರ ಬಂದಿರುವಾಗ ಸಂಶೋಧನಾ ನೀತಿಯ ಎರಡು ಕ್ರೆಡಿಟ್‌ಗಳ ಕೋರ್ಸ್ ಏಕೆ ಬೇಕು ಎಂದು ಕೇಳಿದ್ದೀರಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು ಎಂಬುದು ನಿಜ. ಆದರೆ ಆ ತಂತ್ರಾಂಶ ಅಳೆಯುವುದು ಬರವಣಿಗೆಯ ಹೋಲಿಕೆಯನ್ನು ಮಾತ್ರ. ಲೆಕ್ಕಕ್ಕೆ ಹೊಂದದ ಅಳತೆಯನ್ನು ಕೋಷ್ಟಕದಿಂದ ಸದ್ದಿಲ್ಲದೆ ಕೈಬಿಟ್ಟದ್ದು, ಒಂದು ಪ್ರಯೋಗದ ಚಿತ್ರವನ್ನು ಇನ್ನೊಂದರದೆಂದು ತೋರಿಸಿದ್ದು, ಕೆಲಸವನ್ನೇ ಮಾಡದವರನ್ನು ಲೇಖಕರ ಸಾಲಿಗೆ ಸೇರಿಸಿದ್ದು ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ವಿಜ್ಞಾನಕ್ಕೆ ಹೆಚ್ಚು ಹಾನಿಯಾಗುವುದು ಇವುಗಳಿಂದಲೇ. 30 ಗಂಟೆಗಳ ಆ ಕೋರ್ಸಿನಲ್ಲಿ (ಸ್ಲೈಡ್ ಓದುವುದರಲ್ಲೇ ಅದು ಮುಗಿಯುತ್ತದೆಂಬ ನಿಮ್ಮ ದೂರನ್ನು ಅಲ್ಲಗಳೆಯಲಾರೆ) ನಿಮ್ಮದೇ ಮೂಲ ದತ್ತಾಂಶವನ್ನು ಮುಂದಿಟ್ಟು ಪ್ರಶ್ನೆ ಕೇಳಿ. ಪ್ರಯೋಗದ ದಾಖಲೆ ಪುಸ್ತಕವನ್ನು ದಿನಾಂಕಸಹಿತ ಬರೆಯಿರಿ. ತಪ್ಪಾದ ನಮೂದನ್ನು ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಪಡಿಸಿ.