ದಾವಣಗೆರೆಯಲ್ಲಿ ಮನೆಯ ಬೆಂಚಿನ ಮೇಲೆ ಕಾಡತೂಸು ತುಂಬಬಹುದೇ? ಸೀಸದ ಎರಕ ಹೊಯ್ಯಬಹುದೇ?

ತಮ್ಮ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಬೆಳೆ ರಕ್ಷಣೆಗೆಂದು ತಂದೆಯವರ ಹೆಸರಿನಲ್ಲಿ ಪರವಾನಗಿ ಪಡೆದ ಬಂದೂಕು ಮನೆಯಲ್ಲಿರುವುದರಿಂದ, ಅಮೆರಿಕದ ಹವ್ಯಾಸಿಗಳು ವಿಡಿಯೋಗಳಲ್ಲಿ ತೋರಿಸುವಂತೆ ಖಾಲಿ ಕಾಡತೂಸುಗಳನ್ನು ಮನೆಯಲ್ಲಿಯೇ ಮತ್ತೆ ತುಂಬಬಹುದೇ ಎಂಬುದು ಒಂದು. ಸೀಸವನ್ನು ಎಲ್ಲಿಂದ ತಂದು ಹೇಗೆ ಕರಗಿಸಿ ಅಚ್ಚಿಗೆ ಹೊಯ್ಯಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಬೇಡ ಎಂದು. ಎರಡನೆಯದಕ್ಕೆ ಖಂಡಿತ ಮಾಡಿ, ಆದರೆ ಗುಂಡಿಗಾಗಿ ಅಲ್ಲ, ಮೀನಿನ ಗಾಳದ ತೂಕಕ್ಕಾಗಿ ಮಾಡಿ ಎಂದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡನ್ನು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯಿಂದ ತಯಾರಿಸುವ ಹಕ್ಕು ಬರುವುದಿಲ್ಲ. ಅದೇ ಕಾಯ್ದೆ ‘ಮದ್ದುಗುಂಡು’ ಎಂಬ ಮಾತಿನ ಅರ್ಥದೊಳಗೆ ಅದರ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿರುವುದರಿಂದ, ವಿಡಿಯೋದಲ್ಲಿ ಕಾಡತೂಸು ತುಂಬಲು ಬಳಸುವ ಕೈಪ್ರೆಸ್ಸನ್ನು ತರಿಸಿಕೊಂಡರೂ ತೊಂದರೆಯೇ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷಗಳ ಸೆರೆವಾಸವಿದೆ. ಹತ್ತಾರು ರೂಪಾಯಿ ಉಳಿಸಲು ಹೋಗಿ ತಂದೆಯವರ ಪರವಾನಗಿಯನ್ನೂ ತಮ್ಮ ನೆಮ್ಮದಿಯನ್ನೂ ಕಳೆದುಕೊಳ್ಳುವ ಕೆಲಸವಿದು. ಪರವಾನಗಿ ಇರುವ ಅಂಗಡಿಯಲ್ಲಿ ಕಾಡತೂಸು ಕೊಂಡು, ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ.

ಇನ್ನು ಸೀಸದ ಮಾತು. ಹರಿಹರದ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ ಬಹಳ ಕಾಲ ದುಡಿದ ನಾನು, ನಿವೃತ್ತಿಯ ನಂತರ ದಾವಣಗೆರೆಯ ಮನೆಯ ಹಿತ್ತಲಿನಲ್ಲಿ ತಗಡಿನ ಚಪ್ಪರದ ಕೆಳಗೆ ಒಂದು ಬೆಂಚು ಹಾಕಿಕೊಂಡಿದ್ದೇನೆ. ತುಂಗಭದ್ರೆಯ ಹರಿವಿನಲ್ಲಿ ಗಾಳ ನಿಲ್ಲಬೇಕಾದರೆ ಅರವತ್ತು ಗ್ರಾಮಿನ ಚಪ್ಪಟೆ ತೂಕ ಬೇಕಾಗುತ್ತದೆ. ಸೂಳೆಕೆರೆಯ ನಿಂತ ನೀರಿಗೆ ಅದರ ಅರ್ಧ ಸಾಕು. ನಾನು ಹೊಯ್ಯುವುದು ಇವೆರಡನ್ನೇ. ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರಾದ್ದರಿಂದ, ಗಾಳ ಹಾಕುವ ಮುನ್ನ ಅಲ್ಲಿಯವರನ್ನು ಒಂದು ಮಾತು ಕೇಳಿ.

ಸೀಸ ಎಲ್ಲಿ ಸಿಗುತ್ತದೆ ಎಂದರೆ, ಪಿ.ಬಿ. ರಸ್ತೆಯ ಟೈರ್ ಅಂಗಡಿಗಳಲ್ಲಿ ಚಕ್ರದ ಬ್ಯಾಲೆನ್ಸಿಂಗಿಗೆ ರಿಮ್ಮಿಗೆ ಬಡಿದು ಆಮೇಲೆ ಕಿತ್ತೆಸೆದ ತೂಕಗಳು ಡಬ್ಬಿಗಟ್ಟಲೆ ಬಿದ್ದಿರುತ್ತವೆ. ಆದರೆ ಈಗ ಅವುಗಳಲ್ಲಿ ಸತುವಿನವೂ ಕಬ್ಬಿಣದವೂ ಬೆರೆತಿರುತ್ತವೆ. ಕಟಿಂಗ್ ಪ್ಲೇಯರಿನಿಂದ ಅಂಚನ್ನು ಕಚ್ಚಿ ನೋಡಿ: ಸೀಸವಾದರೆ ಬೆಣ್ಣೆಯಂತೆ ಗುರುತು ಮೂಡುತ್ತದೆ, ಸತುವಾದರೆ ಪ್ಲೇಯರು ಜಾರುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಸೀಸ ದಪ್ಪೆನ್ನುತ್ತದೆ, ಸತು ಠಣ್ಣೆನ್ನುತ್ತದೆ. ಇಷ್ಟಾದರೂ ಒಂದೆರಡು ಕಣ್ತಪ್ಪಿ ಪಾತ್ರೆಗೆ ಬಿದ್ದೇ ಬೀಳುತ್ತವೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸತು ಕರಗುವುದು 419ರಲ್ಲಿ. ಆದ್ದರಿಂದ ಕಾವನ್ನು 370ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಸತುವಿನ ತುಂಡುಗಳೂ ಕಬ್ಬಿಣದ ಕ್ಲಿಪ್ಪುಗಳೂ ಮೇಲೆ ತೇಲುತ್ತವೆ, ಜಾಲರಿ ಸವುಟಿನಿಂದ ಎತ್ತಿ ಹಾಕಬಹುದು. ಅವಸರದಿಂದ ಉರಿ ಹೆಚ್ಚಿಸಿ ಸತು ಕರಗಿ ಬೆರೆಯಿತೋ, ಇಡೀ ಪಾತ್ರೆ ತಣ್ಣಗಾದ ಅಂಬಲಿಯಂತೆ ಗಟ್ಟಿಯಾಗಿ ಅಚ್ಚಿನ ಮೂಲೆಗೆ ಇಳಿಯುವುದೇ ಇಲ್ಲ. ಹೀಗಾಗಿ ಥರ್ಮಾಮೀಟರಿಗೆ ಹಣ ಹಾಕಲು ಹಿಂದೆಮುಂದೆ ನೋಡಬೇಡಿ.

ಹಳೆಯ ವಾಹನದ ಬ್ಯಾಟರಿಯನ್ನು ಒಡೆದು ಸೀಸ ತೆಗೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಮ್ಲದ ಮಾತು ಒತ್ತಟ್ಟಿಗಿರಲಿ, ಅದರ ಫಲಕಗಳಲ್ಲಿರುವ ಆಂಟಿಮನಿ, ಆರ್ಸೆನಿಕ್‌ಗಳಿಂದ ಜೀವಕ್ಕೆ ಎರವಾಗುವ ವಿಷಾನಿಲ ಹುಟ್ಟಬಹುದು.

ಮುಚ್ಚಿಹೋದ ಮುದ್ರಣಾಲಯವೊಂದರ ಅಚ್ಚುಮೊಳೆಗಳು ಒಮ್ಮೆ ನನಗೆ ಗುಜರಿಯಲ್ಲಿ ಸಿಕ್ಕಿದ್ದವು. ಆ ಲೋಹದಲ್ಲಿ ಸೀಸದ ಜೊತೆ ಆಂಟಿಮನಿಯೂ ತವರವೂ ಇರುವುದರಿಂದ ಅದು ಅಚ್ಚಿನ ಗೆರೆಗೆರೆಯನ್ನೂ ತುಂಬುತ್ತದೆ. ಅಕ್ಷರ ಹೊಯ್ಯಲೆಂದೇ ಮಾಡಿದ ಬೆರಕೆಯಲ್ಲವೇ! ಆದರೆ ಗಾಳದ ತೂಕಕ್ಕೆ ಅದು ಅನಗತ್ಯ. ಸೀಸಕ್ಕಿಂತ ಹಗುರವಾದ ಕಾರಣ ಅರವತ್ತು ಗ್ರಾಮಿನ ಅಚ್ಚಿನಿಂದ ಸುಮಾರು ಐದು ಗ್ರಾಂ ಕಡಿಮೆ ತೂಗುವ ತುಂಡು ಬರುತ್ತದೆ, ಗಡುಸಾಗಿರುವುದರಿಂದ ದಾರಕ್ಕೆ ಹಿಸುಕಿ ಕೂರಿಸಲೂ ಆಗುವುದಿಲ್ಲ. ಅರ್ಧ ಕರಗಿಸಿ, ಉಳಿದರ್ಧವನ್ನು ಮರದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇನೆ.

ಕೆಲಸದ ಕ್ರಮ ಸರಳ. ಉಕ್ಕಿನ ಪಾತ್ರೆ ಇರಲಿ. ಅಲ್ಯೂಮಿನಿಯಂ ಪಾತ್ರೆ ಕೂಡದು, ಅಡುಗೆಮನೆಯದಂತೂ ಬೇಡವೇ ಬೇಡ. ಸೀಸ ಕರಗಿದ ಮೇಲೆ ಬಟಾಣಿಯಷ್ಟು ಮೇಣದಬತ್ತಿಯ ತುಂಡು ಹಾಕಿ, ಹೊಗೆಗೆ ಬೆಂಕಿ ಹತ್ತಿದರೆ ಗಾಬರಿಯಾಗದೆ ಉದ್ದ ಹಿಡಿಯ ಚಮಚದಿಂದ ಕದಡಿ, ಮೇಲೆ ನಿಂತ ಬೂದುಬಣ್ಣದ ಕಿಟ್ಟವನ್ನು ತೆಗೆದು ಮುಚ್ಚಳವಿರುವ ಡಬ್ಬಿಗೆ ಹಾಕಿ. ಎರಡು ಹೋಳಿನ ಅಚ್ಚಿನ ಒಳಮೈಗೆ ದೀಪದ ಮಸಿ ಹಿಡಿಸಿದರೆ ತುಂಡು ಸಲೀಸಾಗಿ ಕಳಚುತ್ತದೆ. ಮೊದಲ ನಾಲ್ಕೈದು ತುಂಡುಗಳು ಮುದುಕರ ಕೈಯಂತೆ ಸುಕ್ಕುಗಟ್ಟಿರುತ್ತವೆ. ಅದು ಅಚ್ಚು ಇನ್ನೂ ಕಾದಿಲ್ಲವೆಂಬುದರ ಗುರುತು, ಅವನ್ನು ಪಾತ್ರೆಗೇ ಹಿಂತಿರುಗಿಸಿ. ತುಂಡಿನ ಮೈ ಮಂಜು ಕವಿದಂತೆ ಮಾಸಲಾಗಿ ಬಂದರೆ ಅಚ್ಚು ಹೆಚ್ಚು ಕಾದಿದೆ, ಒಂದೆರಡು ನಿಮಿಷ ಬಿಡುವು ಕೊಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಒಂದು ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ, ರಾತ್ರಿಯಿಡೀ ಬೆಂಚಿನ ಮೇಲಿದ್ದ ಸವುಟನ್ನು ಒರೆಸದೆ ಕಾಯಿಸದೆ ನೇರವಾಗಿ ಕರಗಿದ ಸೀಸದೊಳಗೆ ಅದ್ದಿದೆ. ಅದರ ಹಿಡಿ ಸೇರುವ ಸಂದಿನಲ್ಲಿ ಕುಳಿತಿದ್ದ ಒಂದೇ ಹನಿ ನೀರು ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗಿದಾಗ, ಒಗ್ಗರಣೆ ಸಿಡಿದಂತಲ್ಲ, ಪಟಾಕಿ ಸಿಡಿದಂತೆ ಸದ್ದಾಗಿ ಅಂಗೈಯಗಲದ ಸೀಸ ಚಪ್ಪರದ ತಗಡಿಗೆ ಅಂಟಿಕೊಂಡಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು, ಮುಂಗೈಯ ಮೇಲಿನ ಮೂರು ಕಲೆಗಳು ಈಗಲೂ ಇವೆ. ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಸವುಟು, ಚಿಮಟ, ಪಾತ್ರೆಗೆ ಹೊಸದಾಗಿ ಹಾಕುವ ತುಂಡು, ಎಲ್ಲವನ್ನೂ ಪಾತ್ರೆಯ ಅಂಚಿನ ಮೇಲೆ ಕಾಯಿಸಿಯೇ ಒಳಗೆ ಬಿಡುತ್ತೇನೆ, ಮಳೆಯ ದಿನ ಒಲೆ ಹೊತ್ತಿಸುವುದೇ ಇಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಚ್ಚು ಅಗ್ಗವೆಂದು ತಾವು ಆಸೆಪಡಬಹುದು. ನೋಡಲು ಒಣಗಿದಂತಿದ್ದರೂ ಅದರ ಒಡಲಿನಲ್ಲಿ ನೀರು ಕೂಡಿಕೊಂಡಿರುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಅಚ್ಚನ್ನೇ ಮಾಡಿಸಿ.

ಸೀಸದ ವಿಷ ಮೂಗಿಗಿಂತ ಹೆಚ್ಚಾಗಿ ಕೈಯಿಂದ ಬಾಯಿಗೆ ಹೋಗುತ್ತದೆ. ಈ ಕಾವಿನಲ್ಲಿ ಆವಿ ಕಡಿಮೆ, ಆದರೆ ಕಿಟ್ಟದ ಹುಡಿ ಬೆರಳಿಗೂ ಬಟ್ಟೆಗೂ ಹತ್ತುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ನಿರಪಾಯವೆಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಮೊಮ್ಮಗ ರಜೆಗೆ ಬಂದಾಗ ಚಪ್ಪರಕ್ಕೆ ಬೀಗ. ಬೆಂಚಿನ ಬಳಿ ಬೀಡಿ, ಮಂಡಕ್ಕಿ, ಚಹಾ ಯಾವುದೂ ಇಲ್ಲ. ಕೆಲಸ ಮುಗಿದ ಮೇಲೆ ಸೋಪಿನಿಂದ ಮೊಣಕೈವರೆಗೆ ತೊಳೆದು, ಅಂಗಿಯನ್ನು ಬೇರೆಯಾಗಿಯೇ ಒಗೆಯುತ್ತೇನೆ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷೆ ಮಾಡಿಸುವುದನ್ನೂ ರೂಢಿಸಿಕೊಂಡಿದ್ದೇನೆ.

ಕಾಡತೂಸು ತುಂಬುವವರಿಂದ ಕಲಿಯಬೇಕಾದ ಒಂದು ಅಭ್ಯಾಸ ತೂಗಿ ಬರೆದಿಡುವುದು. ಯಾವ ಅಂಗಡಿಯ ಸೀಸ, ಎಷ್ಟು ಕಾವು, ಹತ್ತಕ್ಕೊಂದು ತುಂಡಿನ ತೂಕವೆಷ್ಟು ಎಂಬುದನ್ನು ನಾನೂ ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ಸತು ಬೆರೆತ ಪಾತ್ರೆಯನ್ನು ಪತ್ತೆ ಹಚ್ಚಿದ್ದು ಆ ಪುಸ್ತಕದಿಂದಲೇ.

ಕಾಳಿನಷ್ಟು ಚಿಕ್ಕ ತೂಕಗಳನ್ನು ಮಾತ್ರ ಸೀಸದಲ್ಲಿ ಹೊಯ್ಯಬೇಡಿ. ಹಕ್ಕಿಗಳು ಅವನ್ನು ಹರಳೆಂದು ನುಂಗಿ ಸಾಯುತ್ತವೆ. ಬ್ರಿಟನ್ನಿನಲ್ಲಿ 1987ರಿಂದ ಸುಮಾರು 28 ಗ್ರಾಂವರೆಗಿನ ಬಹುತೇಕ ಸೀಸದ ಗಾಳದ ತೂಕಗಳಿಗೆ ನಿರ್ಬಂಧವಿರುವುದು ಹಂಸಗಳ ಸಾವಿನ ಕಾರಣದಿಂದ. ಅಷ್ಟು ಚಿಕ್ಕದು ಬೇಕಾದಾಗ ನಾನು ಕಬ್ಬಿಣದ ನಟ್ಟನ್ನೇ ದಾರಕ್ಕೆ ಪೋಣಿಸುತ್ತೇನೆ.