ಜೀವಕೋಶ ಅಳೆಯುವವರ ಸಂಘ ಮಾಡುವುದೇನು?

ಪ್ರಶ್ನೆ: ದೊಡ್ಡಪ್ಪನ ರಕ್ತವನ್ನು ಮಂಗಳೂರಿನಲ್ಲಿ ಫ್ಲೋ ಸೈಟೋಮೆಟ್ರಿ (ರಕ್ತಕಣಗಳನ್ನು ಒಂದೊಂದಾಗಿ ಹಾಯಿಸಿ ಅಳೆಯುವ) ಪರೀಕ್ಷೆಗೆ ಕೊಟ್ಟಿದ್ದೆವು. ಆಮೇಲೆ ಬೇರೆ ಊರಿನ ಲ್ಯಾಬಿನಲ್ಲೂ ಮಾಡಿಸಿದೆವು. ಎರಡೂ ರಿಪೋರ್ಟಿನ ಶೇಕಡಾ ಲೆಕ್ಕ ಹೊಂದುವುದಿಲ್ಲ. ಇದಕ್ಕೆಲ್ಲ ಐಸ್ಯಾಕ್ ಎಂಬ ಅಂತರರಾಷ್ಟ್ರೀಯ ಸಂಘವಿದೆಯಂತೆ. ಅವರು ಲ್ಯಾಬುಗಳ ಮೇಲೆ ಕಣ್ಣಿಡುವುದಿಲ್ಲವೇ?
– ಓದುಗರು, ಬದಿಯಡ್ಕ

ಉತ್ತರ: ಸಂಘ ಇರುವುದು ನಿಜ. ಆದರೆ ಅದು ರೋಗಿಗಳ ರಿಪೋರ್ಟ್ ತಪಾಸಣೆ ಮಾಡುವ ಸಂಸ್ಥೆಯಲ್ಲ. ನಮ್ಮ ದೇಶದಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಐಸ್ಯಾಕ್ ಹುಟ್ಟಿದ್ದೇ ಬೇರೆ ಕಾರಣಕ್ಕೆ, ಮತ್ತು ಆ ಕಾರಣ ನಿಮ್ಮ ಪ್ರಶ್ನೆಗೆ ತುಂಬಾ ಹತ್ತಿರ.

ಹಿಂದೆ ರಕ್ತಕಣ ಎಣಿಸಲು ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು ಕೂರಬೇಕಿತ್ತು. ವಾಲೇಸ್ ಕೋಲ್ಟರ್ ಅದಕ್ಕೊಂದು ಯಂತ್ರ ಮಾಡಿದರು. 1953ರಲ್ಲಿ ಪೇಟೆಂಟ್ ಸಿಕ್ಕಿತು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವ ಪುಟ್ಟ ತೂತು. ಕಣ ಅದರಲ್ಲಿ ನುಸುಳಿದಾಗ ವಿದ್ಯುತ್ತಿಗೆ ಕ್ಷಣಕಾಲ ತಡೆ. ಎಣಿಕೆಯೂ ಆಯಿತು, ಗಾತ್ರವೂ ಗೊತ್ತಾಯಿತು. 1965ರಲ್ಲಿ ಮ್ಯಾಕ್ ಫುಲ್‌ವೈಲರ್ ಕಣಗಳನ್ನು ಬೇರ್ಪಡಿಸಿಯೂ ತೋರಿಸಿದರು. ಅದಾದದ್ದು ಅಮೆರಿಕದ ಲಾಸ್ ಅಲಮೋಸಿನಲ್ಲಿ. ಹೌದು, ಅಣುಬಾಂಬಿನ ಅದೇ ಜಾಗ! ಅವರು ಬಳಸಿಕೊಂಡದ್ದು ಇಂಕ್‌ಜೆಟ್ ಮುದ್ರಣದ ಉಪಾಯ: ಕಣವಿರುವ ಹನಿಗೆ ವಿದ್ಯುದಂಶ ಕೊಟ್ಟು ಪಕ್ಕಕ್ಕೆ ಸೆಳೆಯುವುದು. ಸ್ಟ್ಯಾನ್‌ಫರ್ಡ್‌ನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ತಂಡ ಇದಕ್ಕೆ ಕಣಗಳ ಬಗೆ ಗುರುತಿಸುವ ಹೊಳೆಯುವ ಬಣ್ಣಗಳನ್ನು ಸೇರಿಸಿತು.

ಯಂತ್ರಗಳು ಹೆಚ್ಚಾದವು, ತಲೆನೋವೂ ಹೆಚ್ಚಾಯಿತು. ಎಂಜಿನಿಯರ್, ಭೌತವಿಜ್ಞಾನಿ, ವೈದ್ಯ – ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ನಮ್ಮ ಕಡೆ ಒಬ್ಬ ವ್ಯಾಪಾರಿ ಪಟೋರಕ್ಕೆ (ಕಡಿಮೆ ದರ್ಜೆಗೆ) ಹಾಕಿದ ಅಡಿಕೆಯನ್ನು ಇನ್ನೊಬ್ಬ ಒಳ್ಳೆ ಚಾಲಿಗೇ ಸೇರಿಸುವುದುಂಟಲ್ವಾ, ಹಾಗೆ. ಇವರೆಲ್ಲ ಒಂದೆಡೆ ಕೂತು ಮಾತಾಡಲೆಂದು 1978ರಲ್ಲಿ 'ಸೊಸೈಟಿ ಫಾರ್ ಅನಲಿಟಿಕಲ್ ಸೈಟಾಲಜಿ' ಶುರುವಾಯಿತು. 1980ರಲ್ಲಿ 'ಸೈಟೋಮೆಟ್ರಿ' ಪತ್ರಿಕೆ ಬಂತು. ಐಸ್ಯಾಕ್ ಎಂಬ ಹೆಸರು ಆಮೇಲಿನದು. ಸಮ್ಮೇಳನ, ತರಬೇತಿ ಎಲ್ಲ ನಡೆಸುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಎಫ್‌ಸಿಎಸ್ ಎಂಬ ಫೈಲ್ ಮಾದರಿಯನ್ನು ಕಾಪಾಡಿ ಬೆಳೆಸಿದ್ದು. 1984ರಲ್ಲಿ ರೂಪುಗೊಂಡ ಈ ಮಾದರಿಯಿಂದಾಗಿ ಒಂದು ಕಂಪನಿಯ ಯಂತ್ರ ಅಳೆದದ್ದನ್ನು ಇನ್ನೊಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ತೆರೆದು ನೋಡಬಹುದು.

ಹಾಗಾದರೆ ವ್ಯತ್ಯಾಸ ಯಾಕೆ? ಯಂತ್ರ ಕೊಡುವುದು ಚುಕ್ಕಿಗಳ ಚಿತ್ರ; ಒಂದೊಂದು ಚುಕ್ಕಿ ಒಂದೊಂದು ಕಣ. ಬೇಕಾದ ಕಣಗಳ ಸುತ್ತ ಗೆರೆ ಎಳೆಯುವುದು ಹೆಚ್ಚಾಗಿ ಮನುಷ್ಯರೇ. ಅದಕ್ಕೆ ಗೇಟಿಂಗ್ ಎನ್ನುತ್ತಾರೆ. ಗೆರೆ ಸ್ವಲ್ಪ ಸರಿದರೂ ಲೆಕ್ಕ ಬದಲಾಗುತ್ತದೆ. ಇನ್ನು ಆ ಶೇಕಡಾ ಯಾವುದರಲ್ಲಿ? ಎಲ್ಲ ಬಿಳಿ ರಕ್ತಕಣಗಳಲ್ಲೋ, ಅವುಗಳದೇ ಒಂದು ಬಗೆಯಾದ ಲಿಂಫೋಸೈಟ್‌ಗಳಲ್ಲಿ ಮಾತ್ರವೋ? ಎರಡು ರಿಪೋರ್ಟಿನಲ್ಲೂ ಮೊದಲು ಇದನ್ನೇ ನೋಡಿ. ರಕ್ತ ತೆಗೆದು ಎಷ್ಟು ಹೊತ್ತಿಗೆ ಪರೀಕ್ಷೆ ಆಯಿತು ಎಂಬುದೂ ಮುಖ್ಯ. ಸುಮ್ನೆ ಅಂಕಿ ಹೋಲಿಸಿ ಗಾಬರಿಯಾಗಬೇಡಿ.

ದೊಡ್ಡಪ್ಪನ ವೈದ್ಯರಿಗೆ ಎರಡೂ ರಿಪೋರ್ಟ್ ಒಟ್ಟಿಗೆ ತೋರಿಸಿ. ಅನುಮಾನ ಉಳಿದರೆ, ಮೊದಲ ಲ್ಯಾಬಿನ ಎಫ್‌ಸಿಎಸ್ ಫೈಲ್ ತರಿಸಿ ಇನ್ನೊಬ್ಬ ತಜ್ಞರಿಂದ ನೋಡಿಸಬಹುದೇ ಎಂದು ಅವರನ್ನೇ ಕೇಳಿ. ಅಷ್ಟಕ್ಕೇ ಉತ್ತರ ಸಿಕ್ಕಿದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವುದು ಉಳಿಯುತ್ತದೆ.