ನೋವಿದೆಯಾ ಎಂದು ಕೇಳಲು ಹೆದರಿದ ನರ್ಸ್

ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ, ಶುರು ಮಾಡಿದ ಆಸ್ಪತ್ರೆಗಳಿಂದ ಆಪ್ತಸಲಹೆಗಾರ್ತಿಯಾದ ನನ್ನ ಹತ್ರ ರೋಗಿಗಳ ಮನೆಯವರಷ್ಟೇ ಅಲ್ಲ, ನರ್ಸ್‌ಗಳೂ ಬರುತ್ತಾರೆ. ಕಥೆ ಹೆಚ್ಚುಕಡಿಮೆ ಒಂದೇ. ಒಬ್ಬರನ್ನು ತರಬೇತಿಗೆ ಕಳಿಸುತ್ತಾರೆ, ವಾಪಸ್ ಬಂದಾಗ ಒಂದು ಬೋರ್ಡ್ ಹಾಕುತ್ತಾರೆ, ಉಳಿದದ್ದೆಲ್ಲ ಅವರ ತಲೆಗೆ. ಅಂಥ ಒಬ್ಬರ ವಿಷಯವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಸಿಸ್ಟರ್ ಅಂತಲೇ ಕರೆಯೋಣ.

ಜಿಲ್ಲಾ ಕೇಂದ್ರದ ಆಸ್ಪತ್ರೆ. ಅನುಭವಕ್ಕೇನೂ ಕೊರತೆ ಇಲ್ಲ. ಆದರೆ ನಿದ್ದೆ ಬರುತ್ತಿಲ್ಲ, ಡ್ಯೂಟಿಗೆ ಹೊರಟರೆ ಎದೆ ಡವಡವ. "ನನಗೇ ಧೈರ್ಯ ಸಾಲದು ಮೇಡಂ" ಅನ್ನುವುದೊಂದೇ ಮಾತು.

ಒಂದು ಭೇಟಿಯಲ್ಲಿ ಸುಮ್ನೆ ಕೇಳಿದೆ, "ವಾರ್ಡಿಗೆ ಹೋದ ತಕ್ಷಣ ಏನು ಮಾಡ್ತೀರಿ ಸಿಸ್ಟರ್?"

"ಬಿಪಿ ನೋಡ್ತೀನಿ. ಊಟ ಆಯ್ತಾ ಅಂತ ಕೇಳ್ತೀನಿ."

"ನೋವಿದೆಯಾ ಅಂತ?"

ತುಂಬ ಹೊತ್ತು ಸುಮ್ಮನಿದ್ದರು. "ಕೇಳಲ್ಲ ಮೇಡಂ. ಇದೆ ಅಂದ್ರೆ ಏನು ಕೊಡ್ಲಿ? ಫಾರ್ಮಸಿಯಲ್ಲಿ ಮಾರ್ಫಿನ್ ಇಲ್ಲ. ಬಾಯಿ ಕ್ಯಾನ್ಸರ್‌ನ ಒಬ್ರು ಅಜ್ಜ ಇದಾರೆ, ಹತ್ರ ಹೋದ್ರೆ ಕೈ ಹಿಡ್ಕೋತಾರೆ. ಈಗ ಆ ಮಂಚದ ಕಡೆ ಹೋಗೋದನ್ನೇ ತಪ್ಪಿಸ್ತೀನಿ."

ಇದರಲ್ಲಿ ಧೈರ್ಯದ ಪ್ರಶ್ನೆ ಎಲ್ಲಿ ಬಂತು? ನೋವು ಅಳೆಯುವುದನ್ನು ಕಲಿಸಿ, ಔಷಧಿ ಇಲ್ಲದ ವಾರ್ಡಿಗೆ ಕಳಿಸಿದರೆ ಯಾರಿಗಾದರೂ ಹೀಗೇ ಆಗುತ್ತದೆ.

ಸೂಪರಿಂಟೆಂಡೆಂಟ್‌ ಹತ್ರ ಲಿಖಿತ ಮನವಿ ತಗೊಂಡು ಹೋಗಿ ಅಂದೆ. ಮಾರ್ಫಿನ್ ಅಫೀಮಿನಿಂದ ಮಾಡುವ ನೋವಿನ ಔಷಧಿ, ಅದಕ್ಕೆ ಹಿಂದೆ ನಾಲ್ಕಾರು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆ ಅದನ್ನು ತರಿಸಿ ಇಟ್ಟುಕೊಳ್ಳಬಹುದು. ಅದಕ್ಕೆ ತರಬೇತಿ ಪಡೆದ ಡಾಕ್ಟರ್ ಇರಬೇಕು. ನರ್ಸ್ ಒಬ್ಬರಿಂದಲೇ ಇದು ಆಗುವ ಕೆಲಸ ಅಲ್ಲವೇ ಅಲ್ಲ. ಹಾಗಾಗಿ ಮೊದಲ ಬೇಡಿಕೆ ಡಾಕ್ಟರ್. ಬೇರೆ ವಾರ್ಡಿನ ಕೆಲಸ ಇಲ್ಲದ ನಿಗದಿತ ಸಮಯ ಆಮೇಲೆ. ಪ್ರತ್ಯೇಕ ವಾರ್ಡು, ಹಾಸಿಗೆ ಈಗಲೇ ಕೇಳಬೇಡಿ ಅಂದೆ. ಅದು ಸಿಗಲಿ ಅಂತ ಕಾಯುತ್ತಾ ವರ್ಷಗಳೇ ಹೋಗುತ್ತವೆ. ನೋವು, ಉಸಿರುಕಟ್ಟು ಇರುವ ಯಾವ ರೋಗಿಯನ್ನಾದರೂ ಕಳಿಸಿ ಅಂತ ಡಾಕ್ಟರುಗಳಿಗೆ ಹೇಳಿ. 'ಸಾಯುವವರನ್ನು ಕಳಿಸಿ' ಅಂದರೆ ಯಾರೂ ಕಳಿಸುವುದಿಲ್ಲ, ಅಲ್ವಾ?

ಮಾರ್ಫಿನ್ ಮಾತ್ರೆ ಬರುವವರೆಗೂ ನೋವು ಕೇಳುವುದನ್ನು ಬಿಡಬೇಡಿ ಅಂತಲೂ ಹೇಳಿದೆ. ಸೊನ್ನೆಯಿಂದ 10ರವರೆಗೆ ಎಷ್ಟು ಅಂತ ಕೇಳಿ, ಕೇಸ್ ಶೀಟಲ್ಲಿ ಬರೆಯಿರಿ. ದಿನಾ 8, 9 ಅಂತ ಬರೆದಿದ್ದರೆ ರೌಂಡ್ಸಿಗೆ ಬರುವ ಡಾಕ್ಟರ್‌ಗೆ ದಾಟಿ ಹೋಗುವುದು ಕಷ್ಟ. ಅಜ್ಜನನ್ನು ಮಾರ್ಫಿನ್ ಇರುವ ಕಡೆಗೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯಕ್ಕೋ, ಕಳಿಸಲು ಮನೆಯವರ ಜೊತೆ ಮಾತಾಡಬಹುದು. ವಾಸನೆ ಬರುವ ಹುಣ್ಣಿಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಿದರೆ ವಾಸನೆ ತಗ್ಗುತ್ತದೆ. ಇದು ಸಿಸ್ಟರ್‌ಗೆ ಗೊತ್ತಿತ್ತು, ಡಾಕ್ಟರ್ ಹತ್ರ ಬರೆಸಿಕೊಂಡಿರಲಿಲ್ಲ ಅಷ್ಟೆ.

"ಮನಸ್ಸಿನ ಕಡೆ ನೋಡೋದು ಬಿಟ್ಟು ಆಡಳಿತದ ಪಾಠ ಹೇಳಿದ್ದೀರಿ" ಅಂತ ನನ್ನ ಜೊತೆಯವರೇ ಒಬ್ಬರು ಅಂದರು. ಹೌದು, ಹೇಳಿದ್ದೇನೆ. ಉಸಿರಾಟದ ವ್ಯಾಯಾಮವನ್ನೂ ಹೇಳಿಕೊಟ್ಟಿದ್ದೆ. ಆದರೆ ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ಒಬ್ಬ ಹೆಣ್ಣುಮಗಳ ಮನೋಬಲದ ಮೇಲೆ ಹೇರಿ, ಅದು ಕುಸಿದಾಗ ಅವರನ್ನೇ ರಿಪೇರಿ ಮಾಡಿ ವಾಪಸ್ ಕಳಿಸುವುದು ನನ್ನ ಪ್ರಕಾರ ಆಪ್ತಸಲಹೆ ಅಲ್ಲ.

ಒಬ್ಬ ಫಿಸಿಷಿಯನ್ ತರಬೇತಿಗೆ ಒಪ್ಪಿದ್ದಾರೆ. ಸಿಸ್ಟರ್‌ಗೆ ರಾತ್ರಿ ಪಾಳಿ ತಪ್ಪಿದೆ, ಮಾತ್ರೆ ಇನ್ನೂ ಬಂದಿಲ್ಲ. ಮುಂದಿನ ಭೇಟಿಗೆ ಆ ಡಾಕ್ಟರನ್ನೂ ಕರ್ಕೊಂಡು ಬನ್ನಿ ಅಂದಿದ್ದೇನೆ.